ಗುಡುಗುಡಿಯೂ ಗಿಟಾರೂ

ಪದವೊಂದು ಕೆಟ್ಟಿತೆಂದು ಕೂಗುವುದಕ್ಕೆ ಮುಂಚೆ ಆ ಪದದ ಅರ್ಥವು ಕೂಗುವವನಿಗೆ ತಿಳಿದಿರಬೇಕೆಂಬುದು ವಿಚಾರದ ಮೊದಲನೆಯ ನಿಯಮ. ಈ ನಿಯಮವು ಈಚಿನ ವರ್ಷಗಳಲ್ಲಿ ಸುಶಿಕ್ಷಿತರೆನ್ನಿಸಿಕೊಂಡವರ ಮನೆಗಳಲ್ಲಿಯೇ ಹೆಚ್ಚಾಗಿ ಭಂಗಗೊಳ್ಳುತ್ತಿರುವುದಕ್ಕೆ ಬೆಟ್ಟದಪುರದ ಸೀಮೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ಸಾಕ್ಷಿಯಾಗಿದೆ.

ಪ್ರೌಢಶಾಲೆಯೊಂದರ ವಾರ್ಷಿಕೋತ್ಸವ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಮೇಲೆ ಕತ್ತಲೆ ಇಳಿದು ಶಾಲೆಯ ಅಂಗಳದಲ್ಲಿ ದೀಪಗಳು ಹೊತ್ತಿದ್ದವು. ಎಂಟನೆಯ ತರಗತಿಯ ಹುಡುಗರು ಬಣ್ಣದ ಲುಂಗಿಯನ್ನುಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಧ್ವನಿವರ್ಧಕದಿಂದ ಹೊರಟ “ಗುಡುಗುಡಿಯ ಸೇದಿ ನೋಡೋ” ಎಂಬ ಪದಕ್ಕೆ ಹೆಜ್ಜೆ ಹಾಕುತ್ತಿದ್ದರು. ಕಂಠ ಮೈಸೂರಿನ ರಘು ದೀಕ್ಷಿತ್ ಅವರದು, ಪಕ್ಕವಾದ್ಯ ಗಿಟಾರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ಊರಿನಲ್ಲಿ ವಿದ್ಯಾವಂತರೆಂದು ಹೆಸರಾದವರು, ನೃತ್ಯವು ಮುಗಿಯುವುದಕ್ಕೂ ಕಾಯದೆ, ಅದನ್ನು ಕಲಿಸಿದ್ದ ತರುಣ ಉಪಾಧ್ಯಾಯನನ್ನು ಹತ್ತಿರಕ್ಕೆ ಕರೆದರು.

“ಏನು ಮೇಷ್ಟ್ರೇ, ಮಕ್ಕಳಿಗೆ ಗುಡುಗುಡಿ ಸೇದುವುದನ್ನು ಹೇಳಿಕೊಡುತ್ತೀರೇನು? ಅದೂ ಆ ಗಿಟಾರಿನ ಗಲಾಟೆಯಲ್ಲಿ?”

“ಹಾಗಲ್ಲ ಸಾರ್, ಇದು ರಘು ದೀಕ್ಷಿತ್ ಹಾಡು. ಅವರು ಲಂಡನ್ನಿನಲ್ಲೆಲ್ಲ ಹಾಡಿದ್ದಾರೆ ಸಾರ್” ಎಂದು ಉಪಾಧ್ಯಾಯನು ತಡವರಿಸಿದನು.

ಮೊಮ್ಮಗನ ಕುಣಿತವನ್ನು ನೋಡಲೆಂದು ಬಂದು ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದ ಭಜನೆಮೇಳದ ಮುದುಕನೊಬ್ಬನು ಈ ಮಾತನ್ನು ಕೇಳಿ ಮೆಲ್ಲನೆ ನುಡಿದನು: “ಸ್ವಾಮೀ, ಅದು ಅಂಗಡೀಲಿ ಸಿಕ್ಕೋ ಗುಡುಗುಡಿ ಅಲ್ಲ. ಈ ಮೈಯೇ ಗುಡುಗುಡಿ. ಒಳಗಿರೋ ಕೆಟ್ಟದ್ದನ್ನೆಲ್ಲ ಕೆಂಡಕ್ಕೆ ಹಾಕಿ ಸುಟ್ಟುಬಿಡು ಅಂತಾರೆ ಸಾಹೇಬ್ರು.”

ಅದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಆ ಮೂವರಲ್ಲಿ ಪದದ ಅರ್ಥವನ್ನು ಬಲ್ಲವನು ಒಬ್ಬನೇ. ಅವನು ಶಾಲೆಯ ಮೆಟ್ಟಲನ್ನು ಹತ್ತದವನು. ಪದವಿ ಪಡೆದಿದ್ದ ಇಬ್ಬರಲ್ಲಿ ಒಬ್ಬರು ಅರ್ಥವರಿಯದೆ ಖಂಡಿಸಿದರು, ಮತ್ತೊಬ್ಬನು ಅರ್ಥವರಿಯದೆ ಸಮರ್ಥಿಸಿದನು. ಈ ಎರಡು ಪಕ್ಷಗಳೂ ಜಿಲ್ಲೆಯ ಮನೆಮನೆಯಲ್ಲಿ ಇಂದು ಬೇರೂರಿರುವುದರಿಂದ ಇವೆರಡನ್ನೂ ಪರೀಕ್ಷಿಸುವುದು ಅವಶ್ಯಕವಾಗಿದೆ.

ಮೊದಲು ವಿಷಯದ ಇತಿವೃತ್ತ. ರಘು ದೀಕ್ಷಿತ್ ಅವರು ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನು ಅಭ್ಯಾಸಮಾಡಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಓದಿದವರು. ಅವರ ತಂಡದ ಮೊದಲ ಧ್ವನಿಮುದ್ರಿಕೆಯು 2008ರಲ್ಲಿ ಹೊರಬಿದ್ದಿತು; ಹಿಂದಿ ಚಿತ್ರಸಂಗೀತದಲ್ಲಿ ಪ್ರಸಿದ್ಧರಾದ ವಿಶಾಲ್ ಮತ್ತು ಶೇಖರ್ ಎಂಬ ಜೋಡಿಯವರು ಅದನ್ನು ಹೊರತಂದರು. ಅದರಲ್ಲಿ ಹಿಂದಿ ಇಂಗ್ಲಿಷ್ ಹಾಡುಗಳ ನಡುವೆ ಈ ಕನ್ನಡ ತತ್ತ್ವಪದವೂ ಇದೆ. ಮುಂದೆ 2010ರಲ್ಲಿ ಅವರು ಇಂಗ್ಲೆಂಡಿನ ಬಿಬಿಸಿ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ಎಂಬವರು ನಡೆಸುವ ಖ್ಯಾತ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಅಲ್ಲಿನ ಸಾಂಗ್‌ಲೈನ್ಸ್ ಪತ್ರಿಕೆಯು ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿಯನ್ನು ಪಡೆದರು. ಆಂಗ್ಲ ವಾದ್ಯತಂಡಗಳು ಹಾಕಿಕೊಟ್ಟ ಪದ್ಧತಿಯಲ್ಲಿ ತಂಡದ ಮೊದಲ ಮುದ್ರಿಕೆಯೆಂದರೆ ಅದು ಲೋಕಕ್ಕೆ ತನ್ನನ್ನು ಪರಿಚಯ ಮಾಡಿಕೊಡುವ ಓಲೆ. ಎರಡು ಗಳಿಗೆಯಲ್ಲಿ ಮನಸ್ಸನ್ನು ಸೆಳೆಯುವ ಹಾಡುಗಳನ್ನು ಆರಿಸಿ ಅದರಲ್ಲಿ ತುಂಬುವುದು ಆ ವ್ಯಾಪಾರದ ನೀತಿ. ಅಂತಹ ಓಲೆಯೊಳಗೆ 19ನೆಯ ಶತಮಾನದ ತತ್ತ್ವಪದವೊಂದಕ್ಕೆ ಸ್ಥಳ ದೊರೆತದ್ದು ಸಾಮಾನ್ಯ ಸಂಗತಿಯಲ್ಲ.

ಪದವನ್ನು ರಚಿಸಿದ ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ಕಾಲವಾದವರು. ಶಿಶುನಾಳವು ಇಂದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಗ್ರಾಮ. ಮುಸಲ್ಮಾನ ಮನೆಯಲ್ಲಿ ಹುಟ್ಟಿ, ಕೆಲಕಾಲ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಪಾದವನ್ನು ಹಿಡಿದವರು ಅವರು. ತಮ್ಮ ಪದಗಳನ್ನು ಅಚ್ಚುಹಾಕಿಸುವ ಆಸೆ ಅವರಿಗಿರಲಿಲ್ಲ. ಅವು ಬಾಯಿಂದ ಬಾಯಿಗೆ, ಏಕತಾರಿಯಿಂದ ಏಕತಾರಿಗೆ ಸಾಗಿ ಬಂದವು.

ಇನ್ನು ಪೂರ್ವಪಕ್ಷ. ಗಿಟಾರನ್ನು ಖಂಡಿಸುವವರ ಆಕ್ಷೇಪಗಳನ್ನು ನ್ಯಾಯವಾಗಿ ಸಂಗ್ರಹಿಸಿದರೆ ಮೂರಾಗುವುವು. ಗಿಟಾರು ವಿದೇಶದ ವಾದ್ಯವಾದ್ದರಿಂದ ತತ್ತ್ವಪದಕ್ಕೆ ಹೊಂದದು ಎಂಬುದು ಒಂದು. ಹೊಗೆ ಸೇದುವ ಮಾತು ಮಕ್ಕಳ ಬಾಯಲ್ಲಿ ಬರಬಾರದು ಎಂಬುದು ಎರಡು. ತತ್ತ್ವಪದವು ಸಾಧನೆಯ ವಸ್ತುವಾದ್ದರಿಂದ ಅದನ್ನು ಕುಣಿತದ ಸರಕಾಗಿ ಮಾಡಬಾರದು ಎಂಬುದು ಮೂರು. ಮೊದಲಿನ ಎರಡರಲ್ಲಿ ಹುರುಳಿಲ್ಲ. ಮೂರನೆಯದರಲ್ಲಿ ಹುರುಳಿದೆ, ಆದರೆ ಆಕ್ಷೇಪಿಸುವವರು ಅದನ್ನು ಹಿಡಿದಿರುವ ತುದಿ ತಪ್ಪು.

ವಿದೇಶದ ವಾದ್ಯವೆಂಬ ಮಾತು ಕರ್ಣಾಟಕ ಸಂಗೀತದ ಅಭಿಮಾನಿಗಳ ಬಾಯಿಂದ ಬರುವುದೇ ಆಶ್ಚರ್ಯ. ಅವರು ತಲೆದೂಗುವ ಪ್ರತಿಯೊಂದು ಕಚೇರಿಯಲ್ಲಿಯೂ ಗಾಯಕನ ಪಕ್ಕದಲ್ಲಿ ಕುಳಿತಿರುವ ಪಿಟೀಲು ಯಾವ ದೇಶದ್ದು? ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯರಿಂದ ಅದನ್ನು ಕಲಿತು ಕರ್ಣಾಟಕ ಸಂಗೀತಕ್ಕೆ ಅಳವಡಿಸಿದರು. ಬೆಟ್ಟದಪುರಕ್ಕೆ ದೂರವಲ್ಲದ, ಕಾವೇರಿಯ ದಡದ ರುದ್ರಪಟ್ಟಣದ ಸಂಕೇತಿ ಮನೆತನಗಳಿಂದ ಆರ್. ಕೆ. ಶ್ರೀಕಂಠನ್ ಅವರಂತಹ ಗಾಯಕರು ಹೊರಟರೆಂದು ಈ ಸೀಮೆಯವರೆಲ್ಲರೂ ಹೆಮ್ಮೆಪಡುವರು. ಆ ಶ್ರೀಕಂಠನ್ನರ ಅಣ್ಣಂದಿರಾದ ವೆಂಕಟರಾಮಾಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಮೈಸೂರಿನ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿಗಳನ್ನು ಹೂಡಿ ನುಡಿಸಿದರು. ಅವರ ಸ್ಮರಣೆಗಾಗಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ನಿಂತಿದೆ. ಸಂಗೀತಕ್ಕೆ ಇದರಿಂದ ಮೈಲಿಗೆಯಾಯಿತೆಂದು ಇಂದು ಯಾರೂ ಅನ್ನುವುದಿಲ್ಲ.

ವಾದ್ಯವೇಕೆ, ಮಟ್ಟುಗಳ ಮಾತನ್ನೇ ತೆಗೆದುಕೊಳ್ಳೋಣ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕೋಟೆಯ ಆಂಗ್ಲ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ರಚಿಸಿದರು. ನೊಟ್ಟುಸ್ವರಗಳೆಂದು ಹೆಸರಾದ ಅವು ಸುಮಾರು 40 ಇವೆ. ಆಂಗ್ಲ ರಾಜಗೀತೆಯ ಮಟ್ಟು ಕೂಡ ಅವುಗಳಲ್ಲಿ ಸೇರಿದೆ. ಆ ದೀಕ್ಷಿತರು ಮಾಡಿದ್ದು ಪಾಂಡಿತ್ಯವಾದರೆ ಈ ದೀಕ್ಷಿತರು ಮಾಡಿದ್ದು ಅಪರಾಧವಾಗುವುದು ಹೇಗೆ? ಹಿಂದಿನವರು ವಿದೇಶದ ಮಟ್ಟಿಗೆ ಸ್ವದೇಶದ ಸಾಹಿತ್ಯವನ್ನು ತೊಡಿಸಿದರು. ಇಂದಿನವರು ಸ್ವದೇಶದ ಸಾಹಿತ್ಯಕ್ಕೆ ವಿದೇಶದ ತಂತಿಯನ್ನು ಜೊತೆಮಾಡಿದರು. ಇವೆರಡರಲ್ಲಿ ಹೆಚ್ಚಿನ ಸಾಹಸವು ಮೊದಲನೆಯದೇ.

ಮೈಸೂರಿನ ಅರಮನೆಯು ಈ ವಿಷಯದಲ್ಲಿ ಎಂದೂ ಸಂಕುಚಿತವಾಗಿರಲಿಲ್ಲ. ಜಯಚಾಮರಾಜ ಒಡೆಯರು ಶ್ರೀವಿದ್ಯೆಯ ಅಂಕಿತದಲ್ಲಿ ಸಂಸ್ಕೃತ ಕೃತಿಗಳನ್ನು ರಚಿಸಿದವರು. ಅವರೇ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಸಂಗೀತಸಭೆಯ ಮೊದಲ ಅಧ್ಯಕ್ಷರಾದರು, ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯದ ವಾಗ್ಗೇಯಕಾರನ ಕೃತಿಗಳ ಧ್ವನಿಮುದ್ರಣಕ್ಕೆ ದ್ರವ್ಯಸಹಾಯ ಮಾಡಿದರು. ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿಯೇ ದಕ್ಷಿಣ ಕನ್ನಡದ ನಾಗಸ್ವರದ ಮನೆಯ ಹುಡುಗನೊಬ್ಬನಿಗೆ ಆ ವಾದ್ಯದ ಹುಚ್ಚು ಹಿಡಿಯಿತು. ಆ ಹುಡುಗನೇ ಮುಂದೆ 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಭವನದಲ್ಲಿ ಕರ್ಣಾಟಕ ರಾಗಗಳನ್ನು ನುಡಿಸಿದ ಕದ್ರಿ ಗೋಪಾಲನಾಥರು.

ಶಾಸ್ತ್ರವನ್ನೇ ಪ್ರಮಾಣವಾಗಿ ಕೇಳುವವರಿಗೆ ಶಾಸ್ತ್ರವೂ ಪ್ರತಿಕೂಲವಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿದನು. ವಿಭಾಗಕ್ಕೆ ಆಧಾರವು ನಾದ ಹುಟ್ಟುವ ಬಗೆಯೇ ಹೊರತು ವಾದ್ಯ ಹುಟ್ಟಿದ ದೇಶವಲ್ಲ. ತಂತಿಯಿಂದ ನುಡಿಯುವುದೆಲ್ಲವೂ ತತ. ಆದ್ದರಿಂದ ಏಕತಾರಿಯೂ ವೀಣೆಯೂ ಪಿಟೀಲೂ ಗಿಟಾರೂ ಒಂದೇ ಕುಲಕ್ಕೆ ಸೇರಿದವು. ಪಿಟೀಲನ್ನು ಒಪ್ಪಿ ಗಿಟಾರನ್ನು ತಳ್ಳುವವರದು ಅರ್ಧಕುಕ್ಕುಟೀ ನ್ಯಾಯ. ಕೋಳಿಯ ಅರ್ಧವನ್ನು ಅಡಿಗೆಗೂ ಉಳಿದರ್ಧವನ್ನು ಮೊಟ್ಟೆಗೂ ಇಟ್ಟುಕೊಳ್ಳುವೆನೆಂದವನಿಗೂ ಇವರಿಗೂ ಭೇದವಿಲ್ಲ.

ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯವನ್ನು ವಿದೇಶದ್ದೆಂದೂ ಗಮಕಕ್ಕೆ ಒದಗದೆಂದೂ ಹೊರಗಿಟ್ಟು, 1971ರವರೆಗೆ ಆ ಬಹಿಷ್ಕಾರವನ್ನು ನಡೆಸಿದರು. ಆ ಕಾಲದಲ್ಲೆಲ್ಲ ಕಂಪೆನಿ ನಾಟಕಗಳ ಕಾಲುಪೆಟ್ಟಿಗೆಯೂ ಹಳ್ಳಿಯ ಭಜನೆಮನೆಯ ಪೆಟ್ಟಿಗೆಯೂ ನಿಲ್ಲದೆ ನುಡಿದವು. ದಾಸರ ಪದವನ್ನೂ ಶರಣರ ವಚನವನ್ನೂ ಜನರ ಕಿವಿಗೆ ಮುಟ್ಟಿಸಿದ್ದು ಆ ಬಹಿಷ್ಕೃತ ವಾದ್ಯವೇ. ಅಪ್ಪಣೆಯಿಂದ ವಾದ್ಯಕ್ಕೆ ಜಾತಿ ಕಟ್ಟುವ ಪ್ರಯತ್ನ ಹೇಗೆ ಮುಗಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಇಷ್ಟೆಲ್ಲ ವಾದಕ್ಕಿಂತ ಬಲವಾದ ಪ್ರಮಾಣವು ಶರೀಫರ ಬಾಳೇ. ಗೋವಿಂದಭಟ್ಟರು ಈ ಮುಸಲ್ಮಾನ ಶಿಷ್ಯನನ್ನು ಸ್ವೀಕರಿಸಿದಾಗ ಎರಡು ಕಡೆಯ ಆಚಾರವಂತರೂ ರೇಗಿದರೆಂದೂ, ಗುರುವು ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿದನೆಂದೂ ಐತಿಹ್ಯವಿದೆ. ಇಂದಿಗೂ ಶಿಶುನಾಳದ ಗದ್ದುಗೆಗೆ ಎರಡು ಮತದವರೂ ನಡೆದುಕೊಳ್ಳುವರು. ಬೆರಕೆಯೇ ದೋಷವೆನ್ನುವವನು ಗಿಟಾರಿನ ಬಳಿಗೆ ಬರುವುದಕ್ಕೆ ಬಹಳ ಮುಂಚೆ ಕಳಸದ ಆ ಗುರುವಿನ ಮನೆಯ ಬಾಗಿಲಲ್ಲಿಯೇ ನಿಂತು ಆಕ್ಷೇಪಿಸಬೇಕಾಗುವುದು. ಶರೀಫರ ಪದವನ್ನು ಶುದ್ಧವಾಗಿ ಉಳಿಸುವ ಹೆಸರಿನಲ್ಲಿ ಶರೀಫರನ್ನೇ ಹೊರಗೆ ನಿಲ್ಲಿಸಿದಂತಾಗುವುದೆಂಬ ಎಚ್ಚರವು ಈ ಪಕ್ಷದವರಿಗೆ ಇಲ್ಲ.

ಎರಡನೆಯ ಆಕ್ಷೇಪವು ಇನ್ನೂ ದುರ್ಬಲ. ಕಾವ್ಯದಲ್ಲಿ ವಾಚ್ಯಾರ್ಥವೊಂದು, ಅದರ ಹಿಂದೆ ವ್ಯಂಗ್ಯಾರ್ಥವೊಂದು ಉಂಟೆಂದು ಆನಂದವರ್ಧನನು ಸಾವಿರ ವರ್ಷಕ್ಕೂ ಹಿಂದೆ ನಿರೂಪಿಸಿದನು. ಈ ಪದದ ವಾಚ್ಯಾರ್ಥವು ಗುಡುಗುಡಿ, ವ್ಯಂಗ್ಯಾರ್ಥವು ದೇಹ. ಚೀಲದ ಸ್ಥಾನದಲ್ಲಿ ಮನಸ್ಸು, ಚಿಲುಮೆಯ ಸ್ಥಾನದಲ್ಲಿ ಬುದ್ಧಿ. ತನ್ನೊಳಗಿನ ದೋಷವನ್ನು ಜ್ಞಾನದ ಕೆಂಡದಲ್ಲಿ ಸುಟ್ಟು ಆರೋಗ್ಯವನ್ನು ಪಡೆಯೆಂಬುದು ಉಪದೇಶ. ಶರೀಫರು ಹೊಲ, ಮಳೆ, ಕೋಳಿ, ಸೋರುವ ಮಾಳಿಗೆ ಮೊದಲಾದ ನಿತ್ಯದ ವಸ್ತುಗಳನ್ನೇ ಹಿಡಿದು ಪರಮಾರ್ಥವನ್ನು ಬೋಧಿಸಿದವರು. ಅವರ ಕಾಲದ ಜಗಲಿಗಳಲ್ಲಿ ಗುಡುಗುಡಿಯು ಇಂದಿನ ಕಾಫಿಯ ಲೋಟದಷ್ಟೇ ಪರಿಚಿತವಾಗಿದ್ದಿತು. ಆದ್ದರಿಂದ ಅದನ್ನೂ ಉಪಮಾನವಾಗಿ ಹಿಡಿದರು. ಉಪಮಾನವನ್ನು ಕಂಡು ಉಪಮೇಯವನ್ನು ಕಾಣದವನು ಪದವನ್ನು ಅರ್ಧ ಮಾತ್ರ ಕೇಳಿದವನು.

ಮೇಲಾಗಿ ಈ ಆಕ್ಷೇಪವನ್ನು ಹೇಳುವವರು ಯಾವ ನೆಲದ ಮೇಲೆ ನಿಂತು ಹೇಳುವರೆಂಬುದನ್ನು ವಾಚಕರು ಕಣ್ಣಾರೆ ನೋಡಬಹುದು. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳ ಕೆಂಪು ಹೊಲಗಳಲ್ಲಿ ಬೆಳೆಯುವುದು ವರ್ಜೀನಿಯ ಹೊಗೆಸೊಪ್ಪು. ಸಾಲುಸಾಲು ಬ್ಯಾರನ್ನುಗಳಲ್ಲಿ ಸೌದೆಯನ್ನು ಉರಿಸಿ ಎಲೆಯನ್ನು ಹದಮಾಡಿ, ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿಗಳ ಹರಾಜು ಮಾರುಕಟ್ಟೆಗಳಲ್ಲಿ ಅದನ್ನು ಮಾರುವರು. ಎಷ್ಟೋ ಮನೆಗಳ ಮಕ್ಕಳ ಪದವಿ, ಮದುವೆ, ತಾರಸಿ ಎಲ್ಲವೂ ಆ ಎಲೆಯಿಂದ ಬಂದವು. ರೈತನ ಕಷ್ಟವನ್ನು ಹಳಿಯುವುದು ಇಲ್ಲಿ ಉದ್ದೇಶವಲ್ಲ. ಬೇರೆ ಬೆಳೆಗೆ ಅಷ್ಟು ಬೆಲೆ ದೊರೆಯದೆ ಅವನು ಅದಕ್ಕೆ ಕಟ್ಟುಬಿದ್ದಿದ್ದಾನೆ. ಆದರೆ ಹೊಲದಲ್ಲಿ ಹೊಗೆಸೊಪ್ಪಿದ್ದರೆ ಸುಮ್ಮನಿದ್ದು, ತತ್ತ್ವಪದದಲ್ಲಿ ಗುಡುಗುಡಿಯೆಂಬ ಶಬ್ದ ಬಂದೊಡನೆ ಮಕ್ಕಳ ಶೀಲದ ಚಿಂತೆಗೆ ತೊಡಗುವವರ ವಿವೇಕವು ವಿಚಿತ್ರವಾದುದು. ಹೊಗೆಯನ್ನು ಬಿಡು, ಒಳಗಿನ ರೋಗವನ್ನು ಸುಡು ಎಂಬ ಉಪದೇಶವನ್ನು ಮಕ್ಕಳಿಗೆ ಬಿಡಿಸಿ ಹೇಳಲು ಈ ಮೂರು ತಾಲ್ಲೂಕುಗಳಿಗಿಂತ ತಕ್ಕ ಸ್ಥಳವು ಕನ್ನಡನಾಡಿನಲ್ಲಿ ಮತ್ತೊಂದಿಲ್ಲ.

ಮೂರನೆಯ ಆಕ್ಷೇಪವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ತತ್ತ್ವಪದವು ಗುರುಶಿಷ್ಯರ ನಡುವೆ, ರಾತ್ರಿಯ ಭಜನೆಯಲ್ಲಿ, ಒಂದೊಂದು ನುಡಿಗೂ ನಿಂತು ಅರ್ಥವನ್ನು ಕೇಳಿಕೊಂಡು ಮುಂದುವರಿಯುತ್ತಿದ್ದ ಪ್ರಕಾರ. ಸಾವಿರಾರು ಜನರು ಕೈಯೆತ್ತಿ ಕುಣಿಯುವ ಬಯಲಿನಲ್ಲಿ ಆ ನಿಲುಗಡೆಗೆ ಅವಕಾಶವಿಲ್ಲ. ತಾಳವು ಕಾಲನ್ನು ಹಿಡಿದಷ್ಟು ಬೇಗ ಪದವು ಮನಸ್ಸನ್ನು ಹಿಡಿಯದು. ಆದ್ದರಿಂದ ಪದವು ಮರೆಯಾಗಿ ಲಯ ಮಾತ್ರ ಉಳಿಯುವ ಅಪಾಯವು ನಿಜವಾಗಿಯೂ ಉಂಟು.

ಆದರೆ ಈ ಅಪಾಯವನ್ನು ಅಳೆಯುವ ಕೋಲು ಯಾವುದು? ಶಾರ್ಙ್ಗದೇವನು 13ನೆಯ ಶತಮಾನದ ಸಂಗೀತರತ್ನಾಕರದಲ್ಲಿ ಗೀತ, ವಾದ್ಯ, ನೃತ್ತ ಮೂರೂ ಸೇರಿದರೆ ಸಂಗೀತವೆಂದನು. ನೃತ್ತವು ವಾದ್ಯವನ್ನೂ ವಾದ್ಯವು ಗೀತವನ್ನೂ ಅನುಸರಿಸಬೇಕೆಂದು ಅವುಗಳಿಗೆ ತಾರತಮ್ಯವನ್ನೂ ಕಟ್ಟಿದನು. ಕುಣಿತವನ್ನು ಅವನು ಹೊರಗಿಡಲಿಲ್ಲ. ಅದರ ಸ್ಥಾನವನ್ನು ಗೊತ್ತುಮಾಡಿದನು. ಇದೇ ಒರೆಗಲ್ಲು. ಕಂಠವು ಮುಂದಿದ್ದು ಕನ್ನಡದ ಒಂದೊಂದು ಅಕ್ಷರವೂ ಕಿವಿಗೆ ಸ್ಪಷ್ಟವಾಗಿ ಬೀಳುವವರೆಗೆ ಗಿಟಾರು ಸೇವಕ. ಅಕ್ಷರವನ್ನು ನುಂಗಿದ ಗಳಿಗೆಯಲ್ಲಿ ಅದು ಅಪರಾಧಿ. ಏಕತಾರಿಗೂ ತಬಲಕ್ಕೂ ಇದೇ ವಿಧಿ. ಸುಗಮ ಸಂಗೀತದ ವೇದಿಕೆಗಳಲ್ಲಿ ಕೀಬೋರ್ಡಿನ ಮೊರೆತದಡಿಯಲ್ಲಿ ಕವಿಯ ಮಾತು ಅಡಗಿಹೋಗುವುದನ್ನು ಸಹಿಸಿಕೊಂಡವರು ಗಿಟಾರಿಗೆ ಮಾತ್ರ ದಂಡ ವಿಧಿಸುವುದು ಪಕ್ಷಪಾತ. ಸಿ. ಅಶ್ವತ್ಥರು ಶರೀಫರ ಪದಗಳನ್ನು ಧ್ವನಿಸುರುಳಿಗಳ ಮೂಲಕವೂ, 1990ರಲ್ಲಿ ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಲಚ್ಚಿತ್ರದ ಮೂಲಕವೂ ಹಳೆಯ ಮೈಸೂರಿನ ಮನೆಗಳಿಗೆ ತಂದಾಗ, ಧಾರವಾಡದ ಕಡೆಯ ಮಾತು ಮೈಸೂರಿನವರ ನಾಲಿಗೆಯ ಮೇಲೆ ಕುಣಿಯಿತು. ಅಂದು ಆದ ಉಪಕಾರವನ್ನು ಮರೆಯದವರು ಇಂದು ಮೈಸೂರಿನ ಕಂಠವೊಂದು ಅದೇ ಮಾತನ್ನು ಸಮುದ್ರದಾಚೆಗೆ ಒಯ್ದುದನ್ನು ಒಪ್ಪಲೇಬೇಕು.

ಖಂಡಿಸುವವರ ಕಥೆ ಇಷ್ಟಾಯಿತು. ಹೊಗಳುವವರ ಪಕ್ಷವು ಇದಕ್ಕಿಂತ ಮೇಲಾದುದಲ್ಲ. “ಲಂಡನ್ನಿನಲ್ಲಿ ಹಾಡಿದ್ದಾರೆ” ಎಂಬ ಸಮರ್ಥನೆಯು ಸಮರ್ಥನೆಯೇ ಅಲ್ಲ. ಶರೀಫರ ಪದಕ್ಕೆ ಬೆಲೆಯಿದ್ದರೆ ಅದು 2010ರಲ್ಲಿ ಆಂಗ್ಲರ ದೂರದರ್ಶನದಿಂದ ಬಂದುದಲ್ಲ. ಬಂಗಾರಕ್ಕೆ ಒರೆ ಹಚ್ಚಲು ಪರದೇಶಕ್ಕೆ ಹೋಗಬೇಕಾದ ಅಕ್ಕಸಾಲಿಯ ಕೈಗೆ ಬಂಗಾರವನ್ನು ಕೊಡುವುದೇ ತಪ್ಪು. ಅಲ್ಲಿಯ ಶ್ರೋತೃಗಳಿಗೆ ಕನ್ನಡ ಬಾರದು. ಅವರು ಕಂಠಕ್ಕೂ ಲಯಕ್ಕೂ ಮೆಚ್ಚಿದರು, ಅದು ಅವರ ಔದಾರ್ಯ. ಕನ್ನಡ ಬಲ್ಲವರೂ ಅಷ್ಟಕ್ಕೇ ಮೆಚ್ಚಿ ನಿಂತರೆ ಅದನ್ನು ಔದಾರ್ಯವೆನ್ನಲಾಗದು, ಅದು ದಾರಿದ್ರ್ಯ.

ಇದಕ್ಕಿಂತ ಗುರುತರವಾದ ದೋಷವೊಂದು ಆ ಉಪಾಧ್ಯಾಯನ ಉತ್ತರದಲ್ಲಿ ಅಡಗಿದೆ. ಅವನು “ರಘು ದೀಕ್ಷಿತ್ ಹಾಡು” ಎಂದನು. ಶರೀಫರ ಹೆಸರನ್ನು ಎತ್ತಲಿಲ್ಲ. ಹಾಡಿದವನ ಹೆಸರು ಉಳಿದು ಕಟ್ಟಿದವನ ಹೆಸರು ಅಳಿಯುವ ಈ ರೋಗವು ಆಂಗ್ಲ ವಾದ್ಯತಂಡಗಳ ಲೋಕದಲ್ಲಿ ಹಳೆಯದು. 1964ರಲ್ಲಿ ನ್ಯೂಕಾಸಲ್ ಪಟ್ಟಣದ ‘ದಿ ಅನಿಮಲ್ಸ್’ ಎಂಬ ತಂಡವು ‘ಹೌಸ್ ಆಫ್ ದಿ ರೈಸಿಂಗ್ ಸನ್’ ಎಂಬ ಹಳೆಯ ಜನಪದ ಗೀತೆಯನ್ನು ವಿದ್ಯುತ್ ಗಿಟಾರಿನೊಡನೆ ಹಾಡಿ ಮುದ್ರಿಸಿತು. ಆ ಹಾಡು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮೊದಲನೆಯ ಸ್ಥಾನಕ್ಕೇರಿ, ಅಮೆರಿಕದಲ್ಲಿ ಹೊರಟ ಅವರ ಮೊದಲ ಮುದ್ರಿಕೆಯಲ್ಲಿ ಸೇರಿತು. ಗೀತೆಯನ್ನು ಕಟ್ಟಿದವರಾರೆಂಬುದು ಲೋಕಕ್ಕೆ ತಿಳಿಯದು. ಹೊಂದಿಸಿದವರೆಂದು ತಟ್ಟೆಯ ಮೇಲೆ ಅಚ್ಚಾದದ್ದು ತಂಡದ ಐವರಲ್ಲಿ ಅಲನ್ ಪ್ರೈಸ್ ಎಂಬೊಬ್ಬನ ಹೆಸರು ಮಾತ್ರ. ಉಳಿದ ನಾಲ್ವರ ಮನಸ್ತಾಪವು ದಶಕಗಳ ಕಾಲ ಆರಲಿಲ್ಲ. ಹೊಂ ದಿಸಿದ ಐವರು ತಮ್ಮೊಳಗೆ ಕೀರ್ತಿಗಾಗಿ ಕಾದಾಡಿದರು. ಅಜ್ಞಾತನಾದ ಮೂಲಕವಿಗಾಗಿ ಕಾದಾಡುವವರು ಯಾರೂ ಇರಲಿಲ್ಲ.

ಆ ಕವಿ ಅಜ್ಞಾತನಾದ್ದರಿಂದ ಅಲ್ಲಿಯವರಿಗೆ ಒಂದು ನೆಪವಾದರೂ ಉಂಟು. ಕನ್ನಡಿಗರಿಗೆ ಆ ನೆಪವಿಲ್ಲ. ವಚನಕಾರರಿಂದ ದಾಸರವರೆಗೆ, ದಾಸರಿಂದ ಶರೀಫರವರೆಗೆ ಪ್ರತಿಯೊಬ್ಬರೂ ತಮ್ಮ ರಚನೆಯೊಳಗೇ ಅಂಕಿತವನ್ನು ಹೆಣೆದಿಟ್ಟರು. ಪುಸ್ತಕ ಸುಟ್ಟರೂ ತಟ್ಟೆ ಒಡೆದರೂ ಹಾಡಿನ ಕಡೆಯ ನುಡಿಯಲ್ಲಿ ಗುರುತು ಉಳಿಯುವ ಉಪಾಯವದು. ಶಿಶುನಾಳಧೀಶನೆಂಬ ಅಂಕಿತದಲ್ಲಿ ಶರೀಫರು ತಮ್ಮ ಹೆಸರನ್ನು ಹಿಂದಿಟ್ಟು ಊರಿನ ಒಡೆಯನ ಹೆಸರನ್ನು ಮುಂದಿಟ್ಟರು. ಕಾಲಾವಕಾಶವಿಲ್ಲವೆಂದು ಕಡೆಯ ನುಡಿಯನ್ನು ಬಿಟ್ಟು ಹಾಡುವವರು, ವಾದ್ಯ ಯಾವುದೇ ಇರಲಿ, ಆ ಗುರುತನ್ನು ಕತ್ತರಿಸಿದವರಾಗುವರು. 1957ರ ಹಕ್ಕುಸ್ವಾಮ್ಯ ಶಾಸನದಂತೆ ಕವಿ ಕಾಲವಾಗಿ 60 ವರ್ಷಗಳು ತುಂಬಿದ ಮೇಲೆ ಕೃತಿಯು ಸರ್ವರ ಸೊತ್ತು. ಶರೀಫರ ಪದಗಳಿಗೆ ಯಾರೂ ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ, ಯಾರಿಗೂ ಕಾಸು ಕೊಡಬೇಕಾಗಿಲ್ಲ. ಶಾಸನದ ಋಣ ತೀರಿದ ಕಡೆಯಲ್ಲಿ ಧರ್ಮದ ಋಣವು ಇಮ್ಮಡಿಯಾಗುವುದು. ಆ ಋಣವನ್ನು ತೀರಿಸಲು ಬೇಕಾದದ್ದು ಹಣವಲ್ಲ. ಹೆಸರು ಹೇಳುವ ಒಂದು ಮಾತು.

ಹೀಗಿರಲು ತಪ್ಪು ಯಾರದು? ಗಿಟಾರಿನದಲ್ಲ, ಬಹುಮಟ್ಟಿಗೆ ಗಾಯಕನದೂ ಅಲ್ಲ. ಎಂಟನೆಯ ತರಗತಿಯ ಹುಡುಗರಿಗೆ ಗುಡುಗುಡಿಯೆಂದರೇನೆಂದು ತಿಳಿಯದಿದ್ದರೆ, ಅದನ್ನು ಹೇಳಬೇಕಾದ ಮನೆಯೂ ಶಾಲೆಯೂ ಸುಮ್ಮನಿದ್ದವೆಂದು ಅರ್ಥ. ವಿದ್ಯಾವಂತರ ಮನೆಗಳಲ್ಲಿ ಸಂಗೀತ ಪಾಠವೆಂದರೆ ಸರಳೆ, ವರ್ಣ, ಕೀರ್ತನೆ. ತತ್ತ್ವಪದವು ಕೇರಿಯ ಭಜನೆಮೇಳಕ್ಕೆ ಸೇರಿದ್ದೆಂದು ಅದನ್ನು ಜಗಲಿಯ ಮೇಲಕ್ಕೂ ಹತ್ತಿಸಲಿಲ್ಲ. ಮಂಟೇಸ್ವಾಮಿಯ ಕಥೆಯನ್ನು ತಂಬೂರಿ ಮೀಟಿ ರಾತ್ರಿಯೆಲ್ಲ ಹಾಡುವ ನೀಲಗಾರರನ್ನು ಅಂಗಳದಿಂದ ಒಳಗೆ ಕರೆಯಲಿಲ್ಲ. ತಲೆಮಾರುಗಳ ಕಾಲ ಅರ್ಥವನ್ನು ಕಾಪಾಡಿದವರು ಆ ಮೇಳದವರು. ಕಾಪಾಡುವ ಅಧಿಕಾರ ತಮ್ಮದೆಂದು ಈಗ ಮುಂದಿನ ಸಾಲಿನಲ್ಲಿ ಎದ್ದು ನಿಲ್ಲುವವರು ಅದನ್ನು ಎಂದೂ ಕೇಳದವರು. ಮನೆಯ ದೀಪಕ್ಕೆ ಎಣ್ಣೆ ಹಾಕದವನು ಬೀದಿಯ ದೀಪದ ಬಣ್ಣವನ್ನು ಕುರಿತು ಜಗಳವಾಡಿದಂತೆ ಇದು.

ಭಜನೆಮೇಳದವರಿಗೆ ವಯಸ್ಸಾಗುತ್ತಿದೆ. ಅವರ ಮಕ್ಕಳು ಮೈಸೂರಿಗೂ ಬೆಂಗಳೂರಿಗೂ ದುಡಿಮೆಗೆ ಹೋದರು. ಮುದುಕರ ಬಾಯಲ್ಲಿರುವ ಪದಗಳಲ್ಲಿ ಎಷ್ಟೋ ಅಚ್ಚಾಗಿರಬಹುದು. ಅವರ ಬಾಯಲ್ಲಿರುವ ಅರ್ಥವಿವರಣೆಯು ಅಚ್ಚಾಗಿಲ್ಲ. ಪದವು ಧ್ವನಿಮುದ್ರಿಕೆಯಲ್ಲಿ ಚಿರಕಾಲ ಉಳಿದು, ಅದರ ಕೀಲಿಕೈ ಮುದುಕನೊಡನೆ ಮಣ್ಣಾದರೆ, ಮುಂದಿನವರ ಕೈಗೆ ಬೀಗ ಹಾಕಿದ ಪೆಟ್ಟಿಗೆ ಮಾತ್ರ ಸೇರುವುದು. ಈ ವಾದದಲ್ಲಿ ನಿಜವಾಗಿ ಪಣಕ್ಕಿಟ್ಟಿರುವುದು ಇದು, ಗಿಟಾರಿನ ಶಬ್ದವಲ್ಲ.

ಮಾಡತಕ್ಕ ಕಾರ್ಯಗಳು ದೊಡ್ಡವಲ್ಲ. ಶಾಲೆಯಲ್ಲಿಯಾಗಲಿ ಮದುವೆಯ ಮನೆಯಲ್ಲಿಯಾಗಲಿ ಇಂತಹ ಪದವನ್ನು ಹಾಕುವುದಕ್ಕೆ ಮುಂಚೆ ಪದಕಾರನ ಹೆಸರನ್ನೂ ಆಮೇಲೆ ಗಾಯಕನ ಹೆಸರನ್ನೂ ಹೇಳಬೇಕು. ಹೆಜ್ಜೆಯನ್ನು ಕಲಿಸುವ ಉಪಾಧ್ಯಾಯನು ಮೊದಲ ದಿನ ಪದವನ್ನು ಕರಿಹಲಗೆಯ ಮೇಲೆ ಬರೆದು ಅರ್ಥವನ್ನು ಬಿಡಿಸಿ, ಎರಡನೆಯ ದಿನ ಗೆಜ್ಜೆ ಕಟ್ಟಿಸಬೇಕು. ಜಿಲ್ಲೆಯ ಸಾಹಿತ್ಯಸಭೆಗಳು ಪಂಡಿತರ ಉಪನ್ಯಾಸಕ್ಕೆ ಹಾಕುವ ಕುರ್ಚಿಯನ್ನು ತಿಂಗಳಿಗೊಮ್ಮೆ ಭಜನೆಮೇಳದ ಮುದುಕರಿಗೂ ಹಾಕಿ, ಅವರು ಹೇಳುವ ಅರ್ಥವನ್ನು ಬರೆದಿಟ್ಟುಕೊಳ್ಳಬೇಕು. ಗಾಯಕರು ಕಡೆಯ ನುಡಿಯನ್ನು ಬಿಡದೆ ಹಾಡಬೇಕು. ಇಷ್ಟನ್ನು ಮಾಡಿದ ಮನೆಗೆ ಗಿಟಾರನ್ನು ಖಂಡಿಸುವ ಅಧಿಕಾರವು ಬರುವುದು. ಬಂದಾಗ ಅದನ್ನು ಚಲಾಯಿಸಬೇಕೆಂಬ ಇಚ್ಛೆಯು ಪ್ರಾಯಶಃ ಉಳಿಯದು.

ಅಂದಿನ ಉತ್ಸವದ ಕಥೆಯಲ್ಲಿ ಹೇಳದೆ ಉಳಿದ ಒಂದು ಮಾತಿದೆ. ನೃತ್ಯವು ಮುಗಿದ ಮೇಲೆ ಮುದುಕನ ಮೊಮ್ಮಗನು ಗೆಜ್ಜೆಯನ್ನು ಬಿಚ್ಚುತ್ತ, “ತಾತ, ಗುಡುಗುಡಿ ಅಂದ್ರೆ ನಿಜವಾಗ್ಲೂ ಈ ಮೈಯೇನಾ?” ಎಂದು ಕೇಳಿದನು. ಮುದುಕನು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ನುಡಿಯಿಂದ ಹೇಳತೊಡಗಿದನು. ಆ ಪ್ರಶ್ನೆಯನ್ನು ಹುಡುಗನ ಬಾಯಿಗೆ ತಂದದ್ದು ಗಿಟಾರು. ಉತ್ತರವನ್ನು ಕೊಡಲು ಪಕ್ಕದಲ್ಲಿ ಒಬ್ಬನಿದ್ದದ್ದು ಹುಡುಗನ ಪುಣ್ಯ. ಮುಂದಿನ ಸಾಲಿನವರ ಮನೆಯಲ್ಲಿ ಮೊಮ್ಮಕ್ಕಳು ಅದೇ ಪ್ರಶ್ನೆಯನ್ನು ಕೇಳಿದರೆ ಉತ್ತರ ಹೇಳುವವರು ಯಾರೆಂಬುದನ್ನು ಆ ಮನೆಯವರೇ ಯೋಚಿಸಬೇಕು.